ಆಚಂದ್ರಾರ್ಕಸ್ಥಾಯಿ: ಅಧ್ಯಾಪಕವೃತ್ತಿಯ ಸ್ಥೈರ್ಯವನ್ನು ಕುರಿತ ವಿಚಾರ

ಇಂಗ್ಲಿಷಿನ 'ಟೆನ್ಯೂರ್' ಎಂಬ ಶಬ್ದವು ಕನ್ನಡಕ್ಕೆ ಬಂದು ಸೇರಿದ ಬಗೆಯಲ್ಲಿ ಒಂದು ವೈಚಿತ್ರ್ಯವುಂಟು. ಮಂತ್ರಿಯೊಬ್ಬನ ಅಥವಾ ನಗರಸಭೆಯ ಅಧ್ಯಕ್ಷನೊಬ್ಬನ ವಿಷಯದಲ್ಲಿ ಆ ಶಬ್ದವು ಪ್ರಯುಕ್ತವಾದಾಗ ವೃತ್ತಪತ್ರಿಕೆಗಳು ಅದನ್ನು 'ಅಧಿಕಾರಾವಧಿ' ಎಂದು ಕನ್ನಡಿಸುತ್ತವೆ. ಅಲ್ಲಿ ಅದು ಸರಿಯಾಗಿಯೂ ಇದೆ. ಆದರೆ ವಿಶ್ವವಿದ್ಯಾನಿಲಯಗಳ ಸಂಬಂಧದಲ್ಲಿ ಆ ಶಬ್ದಕ್ಕೆ ಅವಧಿಯೆಂಬ ಅರ್ಥವಿಲ್ಲ. ಅವಧಿಯ ಅಭಾವವೆಂಬುದೇ ಅದರ ಅರ್ಥ. ಒಂದೇ ಪದವು ಒಂದೆಡೆ ಎಲ್ಲೆಯನ್ನೂ ಮತ್ತೊಂದೆಡೆ ಎಲ್ಲೆಯಿಲ್ಲದಿರುವುದನ್ನೂ ಹೇಳುತ್ತಿರಲು, ಮೊದಲನೆಯ ಅರ್ಥಕ್ಕೆ ಹೊಲಿದ ಅಂಗಿಯನ್ನು ಎರಡನೆಯದಕ್ಕೂ ತೊಡಿಸಿದರೆ ಏನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ. ಕಾಲೇಜುಗಳ ಸುತ್ತುಮುತ್ತಿನ ಆಡುಮಾತಿನಲ್ಲಿ ಇದಕ್ಕೆ 'ಖಾಯಂ' ಎನ್ನುವರು; ಕಚೇರಿಯ ಕಾಗದಪತ್ರಗಳಲ್ಲಿ 'ಸೇವಾಭದ್ರತೆ' ಎನ್ನುವರು. ಈ ಎರಡು ಮಾತುಗಳೂ ತಪ್ಪಲ್ಲ. ಆದರೆ ಎರಡೂ ಪಡೆಯುವವನ ಕಡೆಯಿಂದ ಮಾತ್ರ ಹೊರಟವು: ಆತನಿಗೆ ಏನು ಸಿಕ್ಕಿತು, ಎಷ್ಟು ದಿನ ಉಳಿಯುವುದು ಎಂಬಷ್ಟನ್ನೇ ಅವು ತಿಳಿಸುತ್ತವೆ. ಕೊಡುವವನ ಮೇಲೆ ಅದರಿಂದ ಬೀಳುವ ಕಟ್ಟು ಯಾವುದು ಎಂಬುದನ್ನು ಅವು ಸೂಚಿಸುವುದಿಲ್ಲ. ಈ ಸಂಸ್ಥೆಯ ತಿರುಳಾದರೋ ಆ ಕಟ್ಟಿನಲ್ಲಿಯೇ ಇದೆ. ಕನ್ನಡ ಶಾಸನಗಳನ್ನು ಓದಿ ಬಲ್ಲವರಿಗೆ ಇದು ಹೊಸ ಮಾತಾಗಲಾರದು.

ಮೊದಲು ಮೂಲಶಬ್ದವನ್ನೇ ನೋಡಬಹುದು. ಹಿಡಿಯುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿ ಫ್ರೆಂಚಿನ ಮಾರ್ಗವಾಗಿ ಇಂಗ್ಲೆಂಡಿನ ನ್ಯಾಯಶಾಸ್ತ್ರಕ್ಕೆ ಬಂದ ಈ ಪದವು ಬಹುಕಾಲ ಅಧ್ಯಾಪಕರಿಗೂ ವಿದ್ಯೆಗೂ ಸಂಬಂಧಿಸಿದುದಾಗಿರಲಿಲ್ಲ. ಅದು ಭೂಮಿಗೆ ಸಂಬಂಧಿಸಿದುದು. ಒಡೆಯನಿಂದ ನೆಲವನ್ನು ಯಾವ ನಿಬಂಧನೆಯ ಮೇಲೆ, ಯಾವ ಸೇವೆಗೆ ಪ್ರತಿಯಾಗಿ ಹಿಡಿದಿರುವನೆಂಬುದೇ ಅದರ ಅರ್ಥ. ಅನಂತರ ನೆಲವು ಹೋಗಿ ಹುದ್ದೆಯುಳಿಯಿತು. ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾಗಿ ನಿಲ್ಲಬಲ್ಲ ಪದವು ಹೊಸದಾಗಿ ಟಂಕಿಸಬೇಕಾದುದಲ್ಲ. 'ವೃತ್ತಿ' ಎಂಬುದು ಅದೇ ಹಾದಿಯನ್ನು ಅದಕ್ಕಿಂತ ಮೊದಲೇ ನಡೆದು ಬಂದಿದೆ. ಜೀವನೋಪಾಯವೆಂಬುದು ಒಂದರ್ಥ, ನಡತೆಯೆಂಬುದು ಇನ್ನೊಂದು, ಶಾಸ್ತ್ರಗ್ರಂಥದ ವ್ಯಾಖ್ಯಾನವೆಂಬುದು ಮತ್ತೊಂದು. ಪಾಣಿನಿಯ ಸೂತ್ರಗಳಿಗೆ ಬರೆದ ಕಾಶಿಕೆಯೂ ವೃತ್ತಿಯೇ, ಅದನ್ನು ಪಾಠಹೇಳುವ ಭಟ್ಟನಿಗೆ ಬಿಟ್ಟ ಗದ್ದೆಯ ಪಾಲೂ ವೃತ್ತಿಯೇ. ಉಣ್ಣುವುದು, ನಡೆಯುವುದು, ವಿವರಿಸುವುದು ಈ ಮೂರನ್ನೂ ಒಂದೇ ಮಾತಿನಲ್ಲಿ ಕಟ್ಟಿದ ಭಾಷೆಯು ಅಧ್ಯಾಪಕನ ಬಾಳನ್ನು ಸರಿಯಾಗಿಯೇ ಗ್ರಹಿಸಿತ್ತೆನ್ನಬೇಕು. ಇಂದಿನ ಬಳಕೆಯಲ್ಲಿ ಮೊದಲನೆಯ ಅರ್ಥ ಮಾತ್ರ ಉಳಿದು, ವೃತ್ತಿಯೆಂದರೆ ಸಂಬಳ, ನಿವೃತ್ತಿಯೆಂದರೆ ಪಿಂಚಣಿ ಎಂಬಷ್ಟಕ್ಕೆ ಇಳಿದಿರುವುದು ಬೇರೆ ಮಾತು.

ಈ ಪದದ ಬಾಳನ್ನು ಪರೀಕ್ಷಿಸುವುದಕ್ಕೆ ಹರಿಹರಕ್ಕಿಂತ ತಕ್ಕ ಸ್ಥಳವು ಸುಲಭವಾಗಿ ದೊರೆಯದು. ತುಂಗಭದ್ರೆಗೆ ಹರಿದ್ರೆಯು ಬಂದು ಕೂಡುವ ಎಡೆಯಾದುದರಿಂದ ಶಾಸನಗಳಲ್ಲಿ ಆ ಊರಿಗೆ ಕೂಡಲೂರೆಂದು ಹೆಸರು. ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟದಲ್ಲಿ ರೈಸ್ ಸಾಹೇಬರು ಆ ಊರಿನ ಶಾಸನಗಳನ್ನು ದಾವಣಗೆರೆ ತಾಲ್ಲೂಕಿನ ಭಾಗದಲ್ಲಿ ಮುದ್ರಿಸಿದರು. ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಅದಕ್ಕೆ ಮುನ್ನ ಇವೆಲ್ಲ ಚಿತ್ರದುರ್ಗಕ್ಕೆ ಸೇರಿದ್ದುವು. ಇಮ್ಮಡಿ ನರಸಿಂಹನ ದಂಡನಾಥನಾದ ಪೋಲಾಳ್ವನು 1224ರಲ್ಲಿ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದನು; ಮುಮ್ಮಡಿ ನರಸಿಂಹನ ಕಾಲದಲ್ಲಿ, ಸೋಮನಾಥಪುರವನ್ನು ನಿರ್ಮಿಸಿದ ಸೋಮ ದಂಡನಾಥನು 1268ರಲ್ಲಿ ಮಹಾದ್ವಾರವನ್ನು ಕಟ್ಟಿಸಿದನು. ವಿಜಯನಗರದ ಅರಸರವರೆಗೂ ದಾನಪರಂಪರೆ ಮುಂದುವರಿಯಿತು. ಪೋಲಾಳ್ವನು ಬರಿಯ ದಂಡನಾಥನಲ್ಲ, ಕವಿಯೆಂದೂ ಹೆಸರುಗೊಂಡವನು. 'ಹರಿಚಾರಿತ್ರ'ವೆಂಬ ಕೃತಿಯು ಅವನ ಹೆಸರಿನಲ್ಲಿ ಸಾಹಿತ್ಯಚರಿತ್ರೆಗಳಲ್ಲಿ ಸೇರಿದೆ. ಬಲಗಡೆ ಹರನೂ ಎಡಗಡೆ ಹರಿಯೂ ಆದ ಆ ಮೂರ್ತಿಯನ್ನು ಕುರಿತು ಇಲ್ಲಿ ಒಂದು ಮಾತನ್ನು ಸೇರಿಸಬಹುದು: ಎರಡು ಪಕ್ಷಗಳ ವಾದದಲ್ಲಿ ಒಂದರ ಬಾಯನ್ನು ಮುಚ್ಚದೆ ಎರಡಕ್ಕೂ ನಿಲ್ಲಲು ಎಡೆಕೊಟ್ಟ ಶಿಲ್ಪವದು. ವಿದ್ವತ್ಸಭೆಗಳು ಅದನ್ನು ಲಾಂಛನವಾಗಿ ಇಟ್ಟುಕೊಳ್ಳದೆ ಇರುವುದೇ ಆಶ್ಚರ್ಯ.

ದಾನಶಾಸನವನ್ನು ಕಾವ್ಯದೃಷ್ಟಿಯಿಂದ ಓದುವವರು ಸಾಮಾನ್ಯವಾಗಿ ಪ್ರಶಸ್ತಿಭಾಗದಲ್ಲಿ ನಿಲ್ಲುತ್ತಾರೆ. ಅರಸನ ವರ್ಣನೆ, ಊರಿನ ವರ್ಣನೆ, ದಾನಿಯ ಗುಣಗಾನ, ಕೆಲವು ಕಂದ ಕೆಲವು ವೃತ್ತ: ತರಗತಿಯಲ್ಲಿ ವಿವರಿಸಲು ಇಷ್ಟು ಸಾಕು. ಚರಿತ್ರೆಯ ದೃಷ್ಟಿಯಿಂದ ಓದುವವರು ತಿಥಿವಾರಗಳನ್ನೂ ಸೀಮೆಯ ವಿವರವನ್ನೂ ಆರಿಸಿಕೊಳ್ಳುತ್ತಾರೆ. ಕೊನೆಯ ಶಾಪಾಶಯದ ಭಾಗವನ್ನು ಇಬ್ಬರೂ ರೂಢಿಯ ಮಾತೆಂದು ಬಿಟ್ಟುಬಿಡುವುದುಂಟು. ಎಲ್ಲ ಶಾಸನಗಳಲ್ಲಿಯೂ ಅದೇ ನಾಲ್ಕಾರು ಶ್ಲೋಕಗಳು ಬರುತ್ತವೆ, ಲಿಪಿಕಾರರ ದೋಷವೂ ಅಲ್ಲಿಯೇ ಹೆಚ್ಚು. ಪ್ರಕಟಿಸುವವರು ಎಷ್ಟೋ ವೇಳೆ ಅನುವಾದವನ್ನೂ ಕೊಡದೆ 'ವಾಡಿಕೆಯ ಶ್ಲೋಕಗಳು' ಎಂದಷ್ಟೇ ಬರೆದು ಮುಗಿಸುತ್ತಾರೆ. ಆದರೆ ಶಾಸನವು ಮಾಡುವ ಕೆಲಸವೇನು ಎಂದು ಕೇಳಿದರೆ, ಅದನ್ನು ಮಾಡುವ ಭಾಗವು ಇದೇ. ಮಿಕ್ಕದ್ದೆಲ್ಲ ಪೀಠಿಕೆ.

ಆ ಶ್ಲೋಕಗಳ ಅಭಿಪ್ರಾಯವನ್ನು ಸಾವಧಾನವಾಗಿ ನೋಡಿದರೆ, ಅವು ಯಾರನ್ನು ಕುರಿತು ಹೇಳಿದವು ಎಂಬುದು ಸ್ಪಷ್ಟವಾಗುತ್ತದೆ. ಅತಿಪ್ರಸಿದ್ಧವಾದ ಒಂದು ಶ್ಲೋಕವು, ತಾನೇ ಕೊಟ್ಟ ನೆಲವಾಗಲಿ ಪರರು ಕೊಟ್ಟ ನೆಲವಾಗಲಿ ಅದನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂದು ಹೇಳುತ್ತದೆ. ಕಳ್ಳನನ್ನು ಹೆದರಿಸುವುದಕ್ಕೆ ಇಷ್ಟು ಬೇಕಾಗಿರಲಿಲ್ಲ. ಕಳ್ಳನು ನೆಲವನ್ನು ಹೊತ್ತುಕೊಂಡು ಹೋಗುವುದೂ ಇಲ್ಲ. ಇಲ್ಲಿ ಬೆದರಿಕೆಗೆ ಗುರಿಯಾದವನು ಮೊದಲನೆಯದಾಗಿ ದಾನಿಯೇ; ಆಮೇಲೆ ಅವನ ಮಗ, ಮೊಮ್ಮಗ, ಅವನ ಸಿಂಹಾಸನವನ್ನು ಏರಿದ ಬೇರೆ ವಂಶದವನು. 'ತಾನೇ ಕೊಟ್ಟ' ಎಂಬ ಮಾತು ಮುಂದೆ ನಿಂತಿರುವುದು ಆಕಸ್ಮಿಕವಲ್ಲ. ಇನ್ನೊಂದು ಶ್ಲೋಕವು ಕೊಡುವುದು ಕಾಪಾಡುವುದು ಇವೆರಡರಲ್ಲಿ ಕಾಪಾಡುವುದೇ ಮೇಲು, ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಚ್ಯುತಿಯಿಲ್ಲದ ಪದವಿಯೆಂದು ಹೇಳುತ್ತದೆ. ಧಾರೆಯೆರೆದ ನೀರು ಕೈಯಿಂದ ಇಳಿದ ಕ್ಷಣದಿಂದ ದಾನಿಯು ತನ್ನ ವಸ್ತುವಿಗೆ ತಾನೇ ಪರನಾಗುತ್ತಾನೆ. ಚಂದ್ರಸೂರ್ಯರಿರುವವರೆಗೂ ಅವನು ಆ ನೆಲದ ಕಾವಲುಗಾರನಲ್ಲದೆ ಒಡೆಯನಲ್ಲ. ಹೀಗಿರಲಾಗಿ 'ಆಚಂದ್ರಾರ್ಕಸ್ಥಾಯಿ'ಯೆಂಬುದನ್ನು ಕಾಲಪರಿಮಾಣವನ್ನು ಹೇಳುವ ಅತಿಶಯೋಕ್ತಿಯೆಂದು ಓದುವುದು ಅರ್ಧ ಓದು. ಅದು ಕೊಡುವ ಕೈಗೆ ಕೊಡುವವನೇ ಹಾಕಿಕೊಂಡ ಕಟ್ಟು.

ಹರಿಹರದ ಕಲ್ಲುಗಳಿಂದ ತಿಳಿದುಬರುವ ಈ ತತ್ತ್ವವು ಕಲಿಸುವ ಕೆಲಸಕ್ಕೆ ಹೇಗೆ ಅನ್ವಯಿಸಿತೆಂಬುದನ್ನು ಬೇರೆ ಕಡೆಯ ಶಾಸನಗಳು ಇನ್ನಷ್ಟು ವಿಶದವಾಗಿ ತೋರಿಸುತ್ತವೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಏರ್ಪಡಿಸಿದ ಸಾಲೋಟಗಿಯ ಶಾಲೆಗೆ 945ರಲ್ಲಿ ಆದ ದತ್ತಿಯು ಹೆಸರಾದುದು. ವಿದ್ಯಾರ್ಥಿಗಳ ಗ್ರಾಸಕ್ಕೆ 500 ನಿವರ್ತನ, ದೀಪಕ್ಕೆ 12 ನಿವರ್ತನ, ಅಧ್ಯಾಪಕನಿಗೆ 50 ನಿವರ್ತನ ಮತ್ತು ಒಂದು ಮನೆ. ಅದಲ್ಲದೆ ಊರಿನಲ್ಲಿ ನಡೆಯುವ ಪ್ರತಿಯೊಂದು ಮದುವೆಗೂ ಇಷ್ಟು, ಉಪನಯನಕ್ಕೆ ಅದರಲ್ಲರ್ಧ, ಚೌಲಕ್ಕೆ ಅದರಲ್ಲಿಯೂ ಅರ್ಧವೆಂದು ಊರವರು ಶಾಲೆಗೆ ಸಲ್ಲಿಸಬೇಕಾಗಿತ್ತು. ನಾಗಾವಿಯ ಘಟಿಕಾಸ್ಥಾನದ 1058ರ ಶಾಸನದಲ್ಲಿ ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರೂ ಆರು ಮಂದಿ ಸರಸ್ವತೀಭಂಡಾರಿಗರೂ ಬರುತ್ತಾರೆ. ಪುಸ್ತಕಭಂಡಾರವನ್ನು ನೋಡಿಕೊಳ್ಳುವವನಿಗೂ ನೆಲ ದೊರೆತಿರುವುದನ್ನು ಇಂದಿನ ಗ್ರಂಥಪಾಲರು ಗಮನಿಸಬಹುದು. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ನಾಲ್ಕು ವೇದ, ಹಲವು ವ್ಯಾಕರಣಗಳ ಜೊತೆಗೆ ಪರಸ್ಪರ ಒಪ್ಪದ ದರ್ಶನಗಳನ್ನು, ಬೌದ್ಧವನ್ನೂ ಬಿಡದೆ, ಒಂದೇ ಸ್ಥಳದಲ್ಲಿ ವ್ಯಾಖ್ಯಾನಮಾಡಲಾಗುತ್ತಿತ್ತೆಂದು ಹೇಳುತ್ತದೆ. ದತ್ತಿಯನ್ನು ಕೊಟ್ಟವನ ಮತವು ಪಾಠದ ಮತವನ್ನು ನಿರ್ಣಯಿಸಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ.

ಇಷ್ಟರಿಂದ ಪ್ರಾಚೀನವ್ಯವಸ್ಥೆಯು ನಿರ್ದೋಷವಾಗಿತ್ತೆಂದು ಹೇಳಿದರೆ ವಿಮರ್ಶೆಯು ಸ್ತೋತ್ರವಾದೀತು. ವೃತ್ತಿಯು ಕೆಲಸಕ್ಕೆ ಸೇರಿದ್ದು ಮನೆತನಕ್ಕೆ ಸೇರಿತು. ತಂದೆಯ ಪಾಲು ಮಗನಿಗೆ, ಅವನಿಂದ ಅವನ ಮಕ್ಕಳಿಗೆ ಹಂಚಿಹೋಗಿ ಅರೆವೃತ್ತಿ, ಕಾಲುವೃತ್ತಿಗಳಾದುವು, ಕ್ರಯಕ್ಕೂ ಬಂದುವು. ಮೊದಲನೆಯವನು ಭಾಷ್ಯವನ್ನು ಪಾಠಹೇಳಿದ್ದ ನೆಲದಲ್ಲಿ ಐದನೆಯವನು ಭತ್ತವನ್ನು ಮಾತ್ರ ಬೆಳೆದನು. ದಾನಿಯ ಕೈಯಿಂದ ನೆಲವನ್ನು ರಕ್ಷಿಸಲು ಅರವತ್ತು ಸಾವಿರ ವರ್ಷದ ಶಾಪವಿತ್ತು. ಪಡೆದವನ ಸೋಮಾರಿತನದಿಂದ ವಿದ್ಯೆಯನ್ನು ರಕ್ಷಿಸಲು ಅಷ್ಟು ಗಟ್ಟಿಯಾದ ಮಾತೊಂದು ಇರಲಿಲ್ಲ. ಇದಕ್ಕಿಂತ ದೊಡ್ಡ ದೋಷವು ಇನ್ನೊಂದು. ಅಗ್ರಹಾರದ ವೃತ್ತಿಗೆ ಯಾರು ಅರ್ಹರು ಎಂಬ ಪ್ರಶ್ನೆಯು ಹುಟ್ಟಿನಿಂದಲೇ ಉತ್ತರಿಸಲ್ಪಟ್ಟಿತ್ತು. ಕೂಡಲೂರಿನ ಗದ್ದೆಗಳನ್ನು ಉತ್ತವರ ಮಕ್ಕಳು ಆ ಗದ್ದೆಗಳ ಆದಾಯದಿಂದ ನಡೆದ ಪಾಠವನ್ನು ಕೇಳುವಂತಿರಲಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗಿದೆ.

ದಾನಿಯ ಕೈಗೆ ಕಟ್ಟಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ನಿದರ್ಶನವನ್ನು ಹುಡುಕಲು ಸಮುದ್ರವನ್ನು ದಾಟಬೇಕಾಗುತ್ತದೆ. ಏಕೆಂದರೆ ಟೆನ್ಯೂರ್ ಎಂಬ ಆಧುನಿಕ ನಿಯಮವು ರೂಪುಗೊಂಡುದು ಅಂಥದೊಂದು ಪ್ರಸಂಗದ ನೆನಪಿನಿಂದಲೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವನ್ನು ರೈಲುಮಾರ್ಗದ ಧನಿಕನಾದ ಲೀಲೆಂಡ್ ಸ್ಟ್ಯಾನ್‌ಫರ್ಡನೂ ಅವನ ಪತ್ನಿ ಜೇನಳೂ ಮಡಿದ ಮಗನ ಹೆಸರಿನಲ್ಲಿ ಸ್ಥಾಪಿಸಿದರು. 1893ರಲ್ಲಿ ಗಂಡನು ತೀರಿಕೊಂಡ ಮೇಲೆ ಸಂಸ್ಥೆಯ ಸಮಸ್ತವೂ ಆಕೆಯ ಕೈಯಲ್ಲಿತ್ತು. ಅಲ್ಲಿಯ ಅರ್ಥಶಾಸ್ತ್ರದ ಅಧ್ಯಾಪಕನಾದ ಎಡ್ವರ್ಡ್ ರಾಸ್ ಎಂಬವನು ನಾಣ್ಯನೀತಿ, ರೈಲುಮಾರ್ಗಗಳ ಒಡೆತನ, ಏಷ್ಯದ ಕೂಲಿಗಾರರ ವಲಸೆ ಮೊದಲಾದ ವಿಷಯಗಳಲ್ಲಿ ಆಡಿದ ಮಾತು ಆಕೆಗೆ ಹಿಡಿಸಲಿಲ್ಲ. 1900ರಲ್ಲಿ ಅವನು ಕೆಲಸವನ್ನು ಬಿಡಬೇಕಾಯಿತು. ವಲಸೆಯ ವಿಷಯದಲ್ಲಿ ರಾಸನ ಅಭಿಪ್ರಾಯವು ಜನಾಂಗದ್ವೇಷದಿಂದ ಕೂಡಿದುದು, ಇಂದು ಓದಿದರೆ ಹೇಸಿಕೆಯಾಗುವಂಥದು. ಅಧ್ಯಾಪಕಸ್ವಾತಂತ್ರ್ಯದ ಇತಿಹಾಸವು ಸದಾ ಸತ್ಪುರುಷರ ಹೆಗಲೇರಿಯೇ ನಡೆದಿಲ್ಲವೆಂಬುದನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ಆದರೆ ಪ್ರಶ್ನೆ ಅವನ ಅಭಿಪ್ರಾಯದ್ದಾಗಿರಲಿಲ್ಲ. ಕೊಟ್ಟವಳು ಕೊಟ್ಟುದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂಬುದಾಗಿತ್ತು. ಅದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟವರಲ್ಲಿ ತತ್ತ್ವಶಾಸ್ತ್ರದ ಆರ್ಥರ್ ಲವ್‌ಜಾಯ್ ಒಬ್ಬನು. ಅವನೂ ಜಾನ್ ಡ್ಯೂಯಿಯೂ ಮುಂದಾಗಿ 1915ರಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳ ಪ್ರಾಧ್ಯಾಪಕರ ಸಂಘವನ್ನು ಸ್ಥಾಪಿಸಿದರು. ಡ್ಯೂಯಿಯು ಮೊದಲನೆಯ ಅಧ್ಯಕ್ಷನಾದನು. ಆ ಸಂಘವೂ ಕಾಲೇಜುಗಳ ಸಂಘವೂ ಕೂಡಿ 1940ರಲ್ಲಿ ಮಾಡಿದ ಹೇಳಿಕೆಯಂತೆ, ಏಳು ವರ್ಷಗಳನ್ನು ಮೀರದ ಪರೀಕ್ಷಾಕಾಲವು ಕಳೆದ ಮೇಲೆ ಅಧ್ಯಾಪಕನನ್ನು ತಕ್ಕ ಕಾರಣವಿಲ್ಲದೆ ತೆಗೆಯಕೂಡದು. ಕಾರಣವನ್ನು ವಿಚಾರಿಸುವುದರಲ್ಲಿ ಅವನ ಸಮಾನರಾದ ವಿದ್ವಾಂಸರಿಗೂ ಪಾಲಿರಬೇಕು. ಶಾಪವಿದ್ದ ಸ್ಥಾನದಲ್ಲಿ ವಿಚಾರಣೆ ಬಂದಿತು. ಕೆಲಸ ಮಾತ್ರ ಅದೇ.

ಇಂಗ್ಲೆಂಡಿನಲ್ಲಿ ಇದರ ವಿರುದ್ಧವಾದುದು ನಡೆಯಿತೆಂಬುದನ್ನೂ ಇಲ್ಲಿಯೇ ಹೇಳಿ ಮುಂದುವರಿಯಬಹುದು: 1988ರ ಶಿಕ್ಷಣಸುಧಾರಣೆಯ ಶಾಸನದಿಂದ ಅಲ್ಲಿಯ ಹೊಸ ಅಧ್ಯಾಪಕರಿಗೆ ಹಳೆಯ ರೀತಿಯ ಸ್ಥೈರ್ಯವು ತಪ್ಪಿಹೋಯಿತು. ಆದರೆ ಕಾನೂನಿನ ಮೇರೆಯೊಳಗೆ ಹೊಸ ವಿಚಾರವನ್ನೂ ಜನಪ್ರಿಯವಲ್ಲದ ಅಭಿಪ್ರಾಯವನ್ನೂ ಮಂಡಿಸುವ ಸ್ವಾತಂತ್ರ್ಯವನ್ನು ಅದೇ ಶಾಸನದಲ್ಲಿ ಬೇರೆಯಾಗಿ ಉಳಿಸಬೇಕಾಯಿತು.

ಇನ್ನು ದಾವಣಗೆರೆಯ ಕಡೆಗೆ ತಿರುಗಿದರೆ, ಹತ್ತಿಯ ವ್ಯಾಪಾರದಿಂದಲೂ ಗಿರಣಿಗಳಿಂದಲೂ ಬೆಳೆದ ಆ ನಗರವು ವಿದ್ಯಾಕ್ಷೇತ್ರವಾದುದು ದಾನಿಗಳಿಂದ. ಧರ್ಮಪ್ರಕಾಶ ರಾಜನಹಳ್ಳಿ ಮದ್ದೂರಾಯಪ್ಪನವರ ಹೆಸರನ್ನು ವಿಜ್ಞಾನ ಕಾಲೇಜು ಹೊತ್ತಿದೆ. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರನ್ನು 1951ರಲ್ಲಿ ಪ್ರಾರಂಭವಾದ ಎಂಜಿನಿಯರಿಂಗ್ ಕಾಲೇಜು ಹೊತ್ತಿದೆ. ಈ ಎರಡನೆಯದು ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಅಂಗ. ದಾನಿಯ ಹೆಸರು ಬಾಗಿಲ ಮೇಲೆ ಉಳಿದಿದ್ದು ಕೈಯು ಒಳಗಿಲ್ಲದಿರುವುದು ಪೋಲಾಳ್ವನ ಕಾಲದ ರೀತಿಗೆ ಒಪ್ಪುವಂಥದೇ. ಖಾಸಗಿ ಆಡಳಿತಮಂಡಲಿಗಳ ಕೆಳಗಿದ್ದ ಅಧ್ಯಾಪಕರಿಗೆ ಇಡೀ ರಾಜ್ಯದಲ್ಲಿ ಲಿಖಿತವಾದ ರಕ್ಷಣೆಯೊಂದು ದೊರೆತುದು 1975ರ ಕರ್ನಾಟಕ ಖಾಸಗಿ ಶಿಕ್ಷಣಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಶಾಸನದಿಂದ. ಆಪಾದನೆಯನ್ನು ತಿಳಿಸಿ, ಉತ್ತರ ಹೇಳಲು ಅವಕಾಶವಿತ್ತು, ವಿಚಾರಣೆ ನಡೆಸಿದ ಹೊರತು ಯಾರನ್ನೂ ವಜಾಮಾಡಕೂಡದೆಂದೂ, ಹಾಗೆ ವಜಾ ಆದವನು ಜಿಲ್ಲಾ ನ್ಯಾಯಾಧೀಶರ ದರ್ಜೆಯ ನ್ಯಾಯಮಂಡಲಿಗೆ ಮೇಲ್ಮನವಿ ಸಲ್ಲಿಸಬಹುದೆಂದೂ ಅದು ವಿಧಿಸಿತು. ಗದ್ಯವಾಗಿ ನೋಡಿದರೆ ಅದು ಒಣಬರಹ. ಶಾಪಾಶಯದ ಪರಂಪರೆಯಲ್ಲಿಟ್ಟು ಓದಿದರೆ, ಕೊಟ್ಟವನ ಕೈಯನ್ನು ಹಿಡಿಯುವ ಆ ಹಳೆಯ ಶ್ಲೋಕಕ್ಕೆ ಅದು ಹೊಸ ವೃತ್ತಿಯೆನಿಸುತ್ತದೆ.

ಆದರೆ ಇಲ್ಲಿ ಒಂದು ಕೊರತೆಯನ್ನು ಮರೆಮಾಚಲಾಗದು. ಕನ್ನಡನಾಡಿನ ಅಧ್ಯಾಪಕನಿಗೆ ದೊರೆತಿರುವುದು ಸೇವೆಯ ಭದ್ರತೆ, ಅಭಿಪ್ರಾಯದ ಭದ್ರತೆಯಲ್ಲ. ಸರ್ಕಾರಿ ಕಾಲೇಜಿನ ಅಧ್ಯಾಪಕನು ನಾಗರಿಕ ಸೇವೆಯ ನೌಕರನಾದುದರಿಂದ, ವಿಚಾರಣೆಯಿಲ್ಲದೆ ತೆಗೆಯಬಾರದೆಂಬ ಸಂವಿಧಾನದ 311ನೆಯ ಅನುಚ್ಛೇದದ ಆಶ್ರಯ ಅವನಿಗುಂಟು. ಅದೇ ಕಾರಣದಿಂದ, ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಬಾರದೆಂಬ ನಡತೆಯ ನಿಯಮವೂ ಅವನಿಗೆ ಅನ್ವಯಿಸುತ್ತದೆ. 1966ರ ನಿಯಮಗಳಲ್ಲಿದ್ದ ಆ ನಿಷೇಧವು 2021ರ ಹೊಸ ನಿಯಮಗಳಲ್ಲಿಯೂ ಉಳಿಯಿತು. ತಹಸೀಲ್ದಾರನಿಗೆ ತಕ್ಕ ನಿಯಮವು ತರ್ಕವನ್ನು ಕಲಿಸುವವನಿಗೂ ತಕ್ಕುದೇ ಎಂದು ಯಾರೂ ಕೇಳಲಿಲ್ಲ. 2023ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು, ರಾಜ್ಯದ ಸಾಲವನ್ನೂ ಉಚಿತ ಯೋಜನೆಗಳನ್ನೂ ಕುರಿತು ಸಾಮಾಜಿಕ ಜಾಲದಲ್ಲಿ ಬರೆದುದಕ್ಕಾಗಿ ಅಮಾನತಿಗೊಳಗಾದರು. ಅವರ ಲೆಕ್ಕವು ಸರಿಯೋ ತಪ್ಪೋ ಎಂಬುದು ಯಾರ ಪರಿಶೀಲನೆಗೂ ಬರಲಿಲ್ಲ. ಬರೆದವರು ನೌಕರರೆಂಬುದಷ್ಟೇ ಸಾಕಾಯಿತು. ಒಡೆಯನ ಕೈಯನ್ನು ಕಟ್ಟಿ ಬಾಯಿಗೆ ಬೀಗದ ಕೈಯನ್ನು ಅವನಲ್ಲಿಯೇ ಬಿಟ್ಟಂತಾಯಿತು.

ಅಧ್ಯಾಪಕನ ಮೇಲೆ ಬರುವ ಒತ್ತಡವೆಲ್ಲ ಒಡೆಯನದೇ ಎಂದು ತಿಳಿಯುವುದೂ ತಪ್ಪಾಗುತ್ತದೆ. ಧಾರವಾಡದಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದ ಎಂ. ಎಂ. ಕಲಬುರ್ಗಿಯವರು 'ಮಾರ್ಗ'ದ ಮೊದಲ ಸಂಪುಟದಲ್ಲಿ ಬಸವಣ್ಣನವರ ಕುಟುಂಬವನ್ನು ಕುರಿತು ಮಾಡಿದ ಸಂಶೋಧನೆಯ ಮಾತುಗಳನ್ನು 1989ರಲ್ಲಿ ಹಿಂತೆಗೆದುಕೊಳ್ಳಬೇಕಾದುದು ಈ ನಾಡಿನ ವಿದ್ವಾಂಸರೆಲ್ಲರಿಗೂ ತಿಳಿದ ಸಂಗತಿ. ವಿಶ್ವವಿದ್ಯಾನಿಲಯವು ಅವರ ಹುದ್ದೆಯನ್ನು ಕಿತ್ತುಕೊಂಡಿರಲಿಲ್ಲ. ಹುದ್ದೆಯು ಸ್ಥಿರವಾಗಿಯೇ ಇತ್ತು. ಒತ್ತಡವು ಬಂದುದು ಹೊರಗಿನ ಸಮಾಜದಿಂದ. ಹುದ್ದೆಯ ಸ್ಥೈರ್ಯವು ಎಲ್ಲಿಯವರೆಗೆ ಕಾಯಬಲ್ಲದು, ಎಲ್ಲಿಂದ ಮುಂದೆ ಕಾಯಲಾರದು ಎಂಬುದರ ಎಲ್ಲೆಕಲ್ಲು ಆ ಪ್ರಸಂಗ. ಅವರು ಆ ಬಳಿಕವೂ ಸಂಶೋಧನೆಯನ್ನು ಬಿಡಲಿಲ್ಲ. 2015ರ ಆಗಸ್ಟ್ 30ರಂದು ಮನೆಯ ಬಾಗಿಲಲ್ಲಿಯೇ ಕೊಲೆಯಾದರು.

ಸ್ಥೈರ್ಯದ ಉಪಯೋಗವನ್ನು ನಷ್ಟಗಳಿಂದ ಮಾತ್ರವೇ ಅಳೆಯದೆ ಲಾಭದಿಂದಲೂ ಅಳೆಯಬೇಕಾದರೆ ಹರಿಹರಕ್ಕೇ ಹಿಂದಿರುಗಬೇಕು. ಶತಮಾನಗಳ ಕಾಲ ವೃತ್ತಿಗಳ ಕಲ್ಲುಗಳನ್ನು ನೆಡಿಸಿದ ಆ ಊರಿನಲ್ಲಿ, ಯಾವ ಶಾಸನವೂ ಒಂದು ಮತ್ತರು ನೆಲವನ್ನು ಬಿಡದೆ ಇದ್ದ ಜನರ ನಡುವೆ, 1938ರಲ್ಲಿ ಬಿ. ಕೃಷ್ಣಪ್ಪನವರು ಹುಟ್ಟಿದರು. ಕನ್ನಡದಲ್ಲಿ ಉನ್ನತವ್ಯಾಸಂಗವನ್ನು ಮಾಡಿ ಭದ್ರಾವತಿಯಲ್ಲಿ ಕಾಲೇಜಿನ ಅಧ್ಯಾಪಕರಾದರು. 1973ರ ನವೆಂಬರಿನಲ್ಲಿ, ಕನ್ನಡಸಾಹಿತ್ಯದ ಬಹುಭಾಗವು ಬೂಸಾ ಎಂದು ಮಂತ್ರಿ ಬಿ. ಬಸವಲಿಂಗಪ್ಪನವರು ಆಡಿದ ಮಾತಿನಿಂದ ಗಲಭೆಯೆದ್ದಾಗ, ಅವರ ಪರವಾಗಿ ನಿಂತವರಲ್ಲಿ ಕೃಷ್ಣಪ್ಪನವರೂ ಒಬ್ಬರು. ಅನಂತರ ಅವರು ದಲಿತ ಸಂಘರ್ಷ ಸಮಿತಿಯ ಸ್ಥಾಪಕರಾಗಿ ಪ್ರಸಿದ್ಧರಾದರು. ಆ ಒಂದು ಮಾತಿನ ಪರಿಣಾಮವನ್ನು ಇಬ್ಬರ ಬಾಳಿನಲ್ಲಿಯೂ ಹೋಲಿಸಿ ನೋಡುವುದು ಯೋಗ್ಯ. ಮಂತ್ರಿಗಳು ಸ್ಥಾನವನ್ನು ಬಿಡಬೇಕಾಯಿತು. ಕನ್ನಡದ ಅಧ್ಯಾಪಕರು ಕನ್ನಡವನ್ನು ಪಾಠಹೇಳುತ್ತಲೇ, ಆ ಸಾಹಿತ್ಯವು ಯಾರ ಬಾಳನ್ನು ಕಂಡಿಲ್ಲವೆಂಬುದನ್ನು ನಾಡಿನಲ್ಲೆಲ್ಲ ಹೇಳುತ್ತ ಬಂದರು. ಮಂತ್ರಿಯದು ಅಧಿಕಾರಾವಧಿ, ಅಧ್ಯಾಪಕನದು ವೃತ್ತಿ. ಈ ಲೇಖನದ ಮೊದಲಲ್ಲಿ ಹೇಳಿದ ಎರಡು ಅರ್ಥಗಳು ಇಲ್ಲಿ ಮುಖಾಮುಖಿಯಾಗಿ ನಿಂತಿವೆ.

ಕೃಷ್ಣಪ್ಪನವರ ಧೈರ್ಯವನ್ನು ಹುದ್ದೆಯ ಲೆಕ್ಕಕ್ಕೆ ಜಮಾಮಾಡುವುದು ಅನ್ಯಾಯವಾಗುತ್ತದೆ. ಹುದ್ದೆ ಭದ್ರವಾಗಿದ್ದೂ ಬಾಯಿ ತೆರೆಯದವರ ಸಂಖ್ಯೆಯೇ ಯಾವಾಗಲೂ ದೊಡ್ಡದು. ಆದರೆ ಸ್ಥೈರ್ಯವು ಯಾರಿಗೆ ಅತ್ಯಂತ ಆವಶ್ಯಕ ಎ೦ಬ ಪ್ರಶ್ನೆಗೆ ಇಂಥ ಬಾಳು ಉತ್ತರವನ್ನು ಕೊಡುತ್ತದೆ. ಊರಿನಲ್ಲಿ ಹತ್ತೆಕರೆ ತೋಟವಿರುವವನಿಗೆ, ನಂಟರಲ್ಲಿ ವಕೀಲರೂ ಅಧಿಕಾರಿಗಳೂ ಇರುವವನಿಗೆ ಹುದ್ದೆಯು ಎರಡನೆಯ ಆಧಾರ. ಕುಟುಂಬದಲ್ಲಿ ಮೊದಲನೆಯವನಾಗಿ ಅಕ್ಷರವನ್ನು ಕಲಿತು ಉಪನ್ಯಾಸಪೀಠವನ್ನು ಹತ್ತಿದವನಿಗೆ ಅದೊಂದೇ ಆಧಾರ. ಹಿಂದೆ ವೃತ್ತಿಯು ಹುಟ್ಟಿನಿಂದ ಬಂದು ಬಹುಜನರನ್ನು ಹೊರಗಿಟ್ಟಿತು. ಪರೀಕ್ಷೆಯಿಂದಲೂ ಆಯ್ಕೆಯಿಂದಲೂ ಬರುವ ಹುದ್ದೆಯು ಆ ಬಾಗಿಲನ್ನು ತೆರೆಯಿತು. ಹಾಗೆ ತೆರೆದ ಬಾಗಿಲಿನಿಂದ ಹೊಸಬರು ಒಳಗೆ ಬರುತ್ತಿರುವ ಕಾಲದಲ್ಲಿಯೇ ಒಳಗಿನ ಆಸನಗಳನ್ನು ತಾತ್ಕಾಲಿಕವನ್ನಾಗಿ ಮಾಡುವುದು ಎಂಥ ಸುಧಾರಣೆ?

ಇದು ಬರಿಯ ಅಲಂಕಾರದ ಪ್ರಶ್ನೆಯಲ್ಲ. ರಾಜ್ಯದ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಲ್ಲಿ ಪಾಠದ ಬಹುಭಾಗವು ಅತಿಥಿ ಉಪನ್ಯಾಸಕರೆಂಬವರ ಮೇಲೆ ನಿಂತಿದೆ. ಅತಿಥಿಯೆಂಬ ಪದಕ್ಕೆ ಸ್ಮೃತಿಕಾರರು ಹೇಳುವ ನಿರುಕ್ತಿಯು, ಸ್ಥಿತಿಯು ಅನಿತ್ಯವಾದವನು, ಒಂದೇ ರಾತ್ರಿ ತಂಗುವವನು ಎಂಬುದು. ಹದಿನೈದು ವರ್ಷ ಒಂದೇ ಕಾಲೇಜಿನಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠಹೇಳಿ, ಪ್ರತಿವರ್ಷವೂ ಹೊಸದಾಗಿ ಅರ್ಜಿಹಾಕಬೇಕಾದವನಿಗೆ ಈ ಹೆಸರನ್ನು ಇಟ್ಟವರು ವ್ಯಂಗ್ಯವನ್ನು ಉದ್ದೇಶಿಸಿರಲಿಕ್ಕಿಲ್ಲ. 2022ರ ಜನವರಿಯಲ್ಲಿ ಸರ್ಕಾರವು ಗೌರವಧನವನ್ನು ಅರ್ಹತೆ ಅನುಭವಗಳಿಗೆ ತಕ್ಕಂತೆ ತಿಂಗಳಿಗೆ 26,000 ರೂಪಾಯಿಯಿಂದ 32,000 ರೂಪಾಯಿಯವರೆಗೆ ಏರಿಸಿತು. ಅದರೊಡನೆ ವಾರದ ಪಾಠವನ್ನು 15 ಗಂಟೆಗೆ ನಿಗದಿಮಾಡಿತು. ಒಬ್ಬೊಬ್ಬರ ಗಂಟೆ ಹೆಚ್ಚಿದರೆ ಬೇಕಾಗುವ ಜನ ಕಡಮೆಯಾಗುವರೆಂಬುದು ಸರಳಗಣಿತ. 2023ರ ನವೆಂಬರಿನಿಂದ ಅವರು ತರಗತಿಗಳನ್ನು ಬಿಟ್ಟು ಹೊರಗೆ ಕುಳಿತಾಗ ಕೇಳಿದುದು ಮುಖ್ಯವಾಗಿ ಖಾಯಮಾತಿಯನ್ನು. 2024ರ ಪ್ರಾರಂಭದಲ್ಲಿ ದೊರೆತುದು ಗೌರವಧನದ ಮತ್ತೊಂದು ಏರಿಕೆ. ಕೇಳಿದ ವಸ್ತು ಒಂದು, ಕೊಟ್ಟ ವಸ್ತು ಇನ್ನೊಂದು. ಕೊಡುವವನಿಗೆ ಹಣವನ್ನು ಕೊಡುವುದಕ್ಕಿಂತ ತನ್ನ ಕೈಯನ್ನು ಕಟ್ಟಿಕೊಳ್ಳುವುದು ಕಷ್ಟವೆಂಬುದು ಇದರಿಂದಲೂ ತಿಳಿಯುತ್ತದೆ.

ತರಗತಿಯೊಳಗೆ ಇದರಿಂದ ಆಗುವುದೇನೆಂಬುದನ್ನು ಸಾಹಿತ್ಯದ ಅಧ್ಯಾಪಕರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಮುಂದಿನ ಜೂನ್ ತಿಂಗಳಲ್ಲಿ ತಾನು ಇಲ್ಲಿರುವೆನೋ ಇಲ್ಲವೋ ಎಂದು ತಿಳಿಯದವನು ಮೂರು ವರ್ಷದ ಸಂಶೋಧನೆಯನ್ನು ಕೈಗೊಳ್ಳಲಾರನು. ಒಂದು ಊರಿನ ಶಾಸನಗಳನ್ನು, ಒಬ್ಬ ಕವಿಯ ಹಸ್ತಪ್ರತಿಗಳನ್ನು ಒಡನಾಟದಿಂದ ಅರಿಯಲು ಬೇಕಾದ ಕಾಲ ಅವನಲ್ಲಿಲ್ಲ. ಹಾಜರಿಯಿಲ್ಲದ ಪ್ರಬಲನ ಮಗನಿಗೆ ಪ್ರವೇಶಪತ್ರವನ್ನು ತಡೆಯುವ ಮುನ್ನ ಅವನು ಎರಡು ಸಲ ಯೋಚಿಸುತ್ತಾನೆ. ವಚನಕಾರರನ್ನು ಪಾಠಮಾಡುವಾಗ ಜಾತಿಯ ಮಾತು ಬಂದರೆ ದನಿಯನ್ನು ತಗ್ಗಿಸುತ್ತಾನೆ. ಟಿಪ್ಪಣಿಯನ್ನು ಬರೆಯಿಸುವುದೇ ಕ್ಷೇಮವೆಂದು ತೋರುತ್ತದೆ. ಅವನ ಯೋಗ್ಯತೆಯು ಖಾಯಂ ಆದವನ ಯೋಗ್ಯತೆಗಿಂತ ಕಡಮೆಯದೆಂದು ಇದರ ಅರ್ಥವಲ್ಲ. ಎಷ್ಟೋ ಕಡೆ ಅದು ಹೆಚ್ಚೇ ಆಗಿರುತ್ತದೆ.

ಸ್ಥಿರವಾದ ಹುದ್ದೆಯು ಸೋಮಾರಿತನವನ್ನು ಬೆಳೆಸುತ್ತದೆಯೆಂಬ ಆಕ್ಷೇಪಣೆಗೆ ಅಗ್ರಹಾರದ ಕಾಲುವೃತ್ತಿಗಳೇ ಸಾಕ್ಷಿಯಾಗಿರುವುದರಿಂದ ಅದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ದೋಷವು ಹುಟ್ಟುವ ಸ್ಥಳವನ್ನು ಗುರುತಿಸಬೇಕು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಗಳಂತೆ ಅಧ್ಯಾಪಕನ ಪರೀಕ್ಷಾಕಾಲವು ಒಂದು ವರ್ಷ, ತೃಪ್ತಿಕರವಾಗಿಲ್ಲದಿದ್ದರೆ ಇನ್ನೊಂದು. ಅಮೆರಿಕದಲ್ಲಿ ಏಳು ವರ್ಷಗಳವರೆಗೆ ನಡೆಯುವ ಪರೀಕ್ಷೆಯು ಇಲ್ಲಿ ಹೊಸ್ತಿಲಲ್ಲಿಯೇ ಮುಗಿಯುತ್ತದೆ. ಒಂದು ವರ್ಷದಲ್ಲಿ ಯಾವ ವಿದ್ವಾಂಸನ ಪಾತ್ರತೆಯೂ ತಿಳಿಯದು. ಹೀಗೆ ಬೇಗನೆ ಕೊಟ್ಟು ಆಮೇಲೆ ಪಶ್ಚಾತ್ತಾಪಪಟ್ಟು, ಆ ಪಶ್ಚಾತ್ತಾಪದ ಫಲವಾಗಿ ಹೊಸಬರಿಗೆ ಏನನ್ನೂ ಕೊಡದಿರುವುದೇ ಪ್ರಕೃತ ನಡೆಯುತ್ತಿರುವ ಕ್ರಮ. ಸಮಾನವಿದ್ವಾಂಸರು ಬರಹವನ್ನೂ ಪಾಠವನ್ನೂ ಕೆಲವು ವರ್ಷ ನೋಡಿ, ಕಾರಣವನ್ನು ಬರೆದು ತಿಳಿಸಿ, ಕೊಡುವುದಾದರೆ ಗಟ್ಟಿಯಾಗಿ ಕೊಡುವ ಪದ್ಧತಿಯು ಈ ನಾಡಿನಲ್ಲಿ ಇನ್ನೂ ಪ್ರಯೋಗಕ್ಕೇ ಬಂದಿಲ್ಲ. ಬಾರದ ಪದ್ಧತಿಯು ಸೋತಿತೆಂದು ಹೇಳುವುದು ಹೇಗೆ?

ಕೊನೆಯದಾಗಿ ಪದದ ವಿಚಾರ. ನಿಘಂಟುಗಳ ಪರಿಷ್ಕರಣವನ್ನು ಕೈಗೊಳ್ಳುವವರು ಟೆನ್ಯೂರ್ ಎಂಬುದರ ಕೆಳಗೆ ಅಧಿಕಾರಾವಧಿಯೊಡನೆ ಎರಡನೆಯ ಅರ್ಥವನ್ನು ಬೇರೆಯಾಗಿ ಕೊಡುವುದು ಉಚಿತ. 'ವೃತ್ತಿಸ್ಥೈರ್ಯ'ವೆಂಬುದು ಹೊಂದೀತು, ನೆಲವನ್ನೂ ನಡತೆಯನ್ನೂ ವ್ಯಾಖ್ಯಾನವನ್ನೂ ನೆನಪಿಗೆ ತರುವ ಗುಣವು ಅದಕ್ಕುಂಟು. ಅರ್ಥವಿವರಣೆಯಲ್ಲಿ 'ಅಧ್ಯಾಪಕನು ನಿವೃತ್ತಿಯವರೆಗೆ ಹುದ್ದೆಯಲ್ಲಿ ಮುಂದುವರಿಯುವ ಹಕ್ಕು' ಎಂದು ಬರೆಯುವುದರ ಬದಲು 'ತಕ್ಕ ಕಾರಣವನ್ನು ವಿಚಾರಣೆಯಿಂದ ಸ್ಥಾಪಿಸದೆ ಅಧ್ಯಾಪಕನನ್ನು ತೆಗೆಯದಿರಲು ನೇಮಿಸಿದವನು ಬದ್ಧನಾಗಿರುವಿಕೆ' ಎಂದು ಬರೆದರೆ ಕರ್ತೃವು ಸರಿಯಾದ ಸ್ಥಾನದಲ್ಲಿ ನಿಲ್ಲುತ್ತಾನೆ. ಪ್ರಯೋಗಕ್ಕೆ ಉದಾಹರಣೆ ಬೇಕಾದಲ್ಲಿ ಹರಿಹರದ ಕಲ್ಲುಗಳ ಕೊನೆಯ ಸಾಲುಗಳಿವೆ.